ಆಷಾಢದ ಹೋಂವರ್ಕು

27 ಮೇ 2025, ಮಂಗಳವಾರ. ಶೀಳನೆರೆ

ರಂಜಿತ ಮಗಳೇ, ಹೇಗಿದ್ದೀಯ? ನಿಮ್ಮತ್ತೆ ಚಿಕ್ಕಬೋರಮ್ಮನವರ ಮಂಡಿನೋವು ಈಗ ಎಷ್ಟೋ ವಾಸಿಯೇ? ಅಳಿಯಂದಿರು ಸಿದ್ದರಾಜು ಅವರಿಗೆ ಕಾಲೇಜಿನ ರಜ ಮುಗಿಯಿತೇ? ನಿನ್ನ ನಾದಿನಿ ಮಾನಸ ಶ್ರೀರಂಗಪಟ್ಟಣದಿಂದ ಬಂದು ಹೋಗಿ ಮಾಡುತ್ತಾಳಂತೆ, ಅವಳ ಕೂಸಿಗೆ ಹಲ್ಲು ಬಂದವೇ? ಇಲ್ಲಿ ನಿಮ್ಮಪ್ಪ ತಿಮ್ಮರಾಜು, ನಿಮ್ಮವ್ವ ಬೈರಮ್ಮ, ನಾನು ನಿನ್ನ ದೊಡ್ಡವ್ವ — ಮೂವರೂ ಚೆನ್ನಾಗಿದ್ದೇವೆ. ಕೆಂದಹಸು ಈದಿದೆ. ಹೆಣ್ಣುಗರು.

ಇಷ್ಟೂ ಕಾಗದಕ್ಕೆ ಬರೆಯಬೇಕಾದದ್ದು. ಇಲ್ಲಿ ಬರೆದೆ. ನಿನ್ನೆ ಫೋನಿನಲ್ಲಿ ರಂಜಿತ, "ಕಾಗ್ದ ಹಾಕ್ಬ್ಯಾಡ ದೊಡ್ಡವ್ವ" ಅಂದಳು. ಯಾಕವ್ವ ಅಂದೆ. "ಅವ್ರು ಓದ್ತಾರೆ. ಓದಿ ಮನೆ ಗ್ರೂಪಿಗೆ ಹಾಕ್ತಾರೆ." ಓದಲಿ ಬಿಡು, ಇಂಗ್ಲಿಷ್ ಲೆಕ್ಚರರ್ರು, ಓದೋದೇ ಅವರ ಕಸುಬು ಅಂದೆ.  ಆಮೇಲೆ "ಸರಿ ಬುಡು" ಅಂದಳು.

ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ. ಹೊಸ ಮನೆ, ನಾಚಿಕೆ ಇರುತ್ತೆ.

30 ಮೇ, ಶುಕ್ರವಾರ

ಹಾಲು ಹಾಕಿ ಬಂದು ಕೂತಿದ್ದೀನಿ. ಮೋಡ ಕಟ್ಟಿದೆ. ಬೈರಮ್ಮ ಕಡ್ಡಿ ಆಯೋಕೆ ಹೋದಳು.

ಈ ಸಂಬಂಧ ಬಂದ ದಿವಸ ನೆನೆಸಿಕೊಂಡೆ. ಮಾಘ ಮಾಸ. ನಾಗಮಂಗಲದಿಂದ ಕಾರಿನಲ್ಲಿ ಬಂದಿದ್ದರು. ಹೆಣ್ಣು ನೋಡೋಕೆ ಬಂದವರು ಹಾಡು ಹೇಳವ್ವ ಅಂತಾರೆ, ರಂಗೋಲಿ ಬಿಡವ್ವ ಅಂತಾರೆ. ಈ ಹುಡುಗ ಜೇಬಿನಿಂದ ಪೆನ್ನು ತೆಗೆದು, "ಒಂದು ಪುಟ ಇಂಗ್ಲಿಷ್ ಬರೀಲಿ" ಅಂದ. ಬೈರಮ್ಮನ ಮುಖ ಬಿಳಿಚಿತು. ನನಗೆ ಮಾತ್ರ ಎದೆ ತುಂಬಿ ಬಂತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ನಮ್ಮ ಯಜಮಾನರು ಕೆ.ಆರ್. ಪೇಟೆಯ ಹಳೇ ಪೇಪರ್ ಅಂಗಡಿಯಿಂದ ರಟ್ಟಿಲ್ಲದ ಒಂದು ಗ್ರಾಮರ್ ಪುಸ್ತಕ ತಂದುಕೊಟ್ಟಿದ್ದರು. ಅವರು ಹೋದರು, ಪುಸ್ತಕ ಉಳಿಯಿತು. ಅದರಿಂದ ನಾನು ಕಲಿತೆ, ನನ್ನಿಂದ ರಂಜಿತ. ಕಾಮಾ ಎಲ್ಲಿ, ಎರಡು ಪದದ ಮಧ್ಯೆ ಹೈಫನ್ ಎಲ್ಲಿ, ಎಲ್ಲಿ ಬೇಡ... ರಾಗಿ ಕೇರುವಾಗಲೂ ನಮ್ಮದು ಇದೇ ಮಾತು. ಈ ಊರಲ್ಲಿ ಇನ್ಯಾರ ಹತ್ತಿರ ಆಡಲಿ?

ರಂಜಿತ ಬರೆದಳು. ಹುಡುಗ ಓದಿ ಒಂದೇ ಒಂದು ಕಡೆ ಸುತ್ತು ಹಾಕಿದ. "ಟುಡೇ" ಅನ್ನೋದರ ಮಧ್ಯೆ ಹೈಫನ್ ಇಟ್ಟಿದ್ದಳು. ನಮ್ಮ ಪುಸ್ತಕ ಅಷ್ಟು ಹಳೇದು. "ಇದು ನಮ್ಮಜ್ಜನ ಕಾಲದ್ದು" ಅಂತ ನಕ್ಕ. ನಾನೂ ನಕ್ಕೆ. ನಾನೂ ಅವನೂ ಹೈಫನ್ ಬಗ್ಗೆ ಮಾತಾಡುತ್ತ ಕೂತು ಎಲ್ಲರ ಉಪ್ಪಿಟ್ಟು ಆರಿಹೋಯಿತು.

ಅವರು ಹೋದ ಮೇಲೆ ತಿಮ್ಮರಾಜು, "ಯಾಕೋ ಆ ಹೈದ ನಗಾದೇ ನಂಗೆ ಸರ್ಯೋಗ್ನಿಲ್ಲ ಅತ್ಗೆ. ಹಲ್ಲು ನಗ್ತದೆ, ಕಣ್ಣು ನಗಾಕಿಲ್ಲ" ಅಂದ. ಸುಮ್ಮನಿರಪ್ಪ, ನಿನಗೇನು ಗೊತ್ತು ಅಂದೆ. ಬೈರಮ್ಮನನ್ನು ನಾನೇ ಒಪ್ಪಿಸಿದೆ.

15 ಜೂನ್, ಭಾನುವಾರ

ಬೈರಮ್ಮನ ಫೋನಿಗೆ ಒಂದು ಫೋಟೋ ಬಂದಿತ್ತು. ನಾದಿನಿ ಮಾನಸ ಕಳಿಸಿದ್ದು. ನೋಡಿ ಹೇಳಕ್ಕ, ಏನಿದು ಅಂತ ಬೈರಮ್ಮ ತಂದುಕೊಟ್ಟಳು.

ರಂಜಿತ ಗಂಡನಿಗೆ ಕಳಿಸಿದ ಮೆಸೇಜು. ಅದರ ಸುತ್ತ ಕೆಂಪು ಸುತ್ತು, ಬಾಣ, ಕೆಳಗೆ ಅವನ ಬರಹ — "ಇವತ್ತಿನ ಸ್ಪೆಷಲ್". ಆ ಕೆಳಗೆ ಸಾಲಾಗಿ ನಗುವ ಮೋರೆಗಳು. ಮಾನಸ, ಅವಳ ಗಂಡ, ಸಿದ್ದರಾಜುವಿನ ಚಿಕ್ಕಪ್ಪನ ಮಕ್ಕಳು, ಅವನ ಕಾಲೇಜಿನವರು ಯಾರೋ.

ನನ್ನ ಕಣ್ಣು ಮೊದಲು ತಪ್ಪಿಗೇ ಹೋಯಿತು. "ಸಿನ್ಸ್" ಇರಬೇಕಾದ ಕಡೆ "ಫ್ರಮ್" ಹಾಕಿದ್ದಾಳೆ. ಅಯ್ಯೋ, ಎಷ್ಟು ಸಲ ಹೇಳಿದ್ದೆ ಇವಳಿಗೆ ಅಂದುಕೊಂಡೆ. ಇನ್ನೊಂದು ಸಲ ಓದಿದೆ. ಬೆಳಗ್ಗೆಯಿಂದ ನಿಮಗಾಗಿ ಕಾಯುತ್ತಿದ್ದೇನೆ, ಇನ್ನೂ ಊಟ ಮಾಡಿಲ್ಲ, ಯಾವಾಗ ಬರುತ್ತೀರಿ — ಇದು ಅವಳು ಬರೆದದ್ದು. ಕಳಿಸಿದ ಹೊತ್ತು ಸಂಜೆ ಆರೂಕಾಲು.

ಅಷ್ಟು ಜನ ನಕ್ಕರು. ಉಂಡೆಯಾ ಅಂತ ಒಬ್ಬರೂ ಕೇಳಿಲ್ಲ.

"ಏನಂತಕ್ಕ?" ಅಂದಳು ಬೈರಮ್ಮ. ಏನೋ ತಮಾಷೆ ಮಾಡ್ಕೊಂಡವ್ರೆ ಅಂದೆ.

25 ಜೂನ್, ಬುಧವಾರ

ನಾಳೆಯಿಂದ ಆಷಾಢ. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸಿಲಲ್ಲಿ ಇರಬಾರದು, ತಿಂಗಳು ಪೂರ್ತಿ ತವರಲ್ಲಿ. ತಿಮ್ಮರಾಜು ಹೋಗಿ ಕರೆತಂದ. ಬಸ್ಸಿಳಿದು ಬಂದವಳ ಕೊರಳ ಮೂಳೆ ಕಾಣುತ್ತಿತ್ತು. ಬೈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬ್ಯಾಗಿನಲ್ಲಿ ಎರಡು ಸೀರೆ. ಒಂದು ಉದ್ದನೆ ರೂಲ್ ಪುಸ್ತಕ, ಹೊಸದು.

"ಏನವ್ವ ಇದು?"

"ಹೋಂವರ್ಕು."

ದಿನಕ್ಕೊಂದು ಪುಟ ಇಂಗ್ಲಿಷ್ ಬರೆದು ಸಂಜೆಯೊಳಗೆ ಫೋಟೋ ಕಳಿಸಬೇಕಂತೆ. ತವರಿಗೆ ಹೋದರೆ ಕಲಿತದ್ದೆಲ್ಲ ಮರೆತುಬಿಡ್ತೀಯ ಅಂದನಂತೆ. ತಿಮ್ಮರಾಜು ಕಾಲು ತೊಳೆಯುತ್ತ ನಗಾಡಿದ. "ಅಳಿಯ ಮೇಷ್ಟ್ರು, ಮಗಳು ಇಸ್ಕೂಲ್ ಹುಡ್ಗಿ. ಆಷಾಡದಲ್ಲೂ ರಜ ಇಲ್ವಲ್ಲವ್ವ ನಿಂಗೆ!"

ರಂಜಿತಳೂ ನಕ್ಕಳು. ಅಪ್ಪ ನಗುವುದು ನಿಲ್ಲಿಸಿದಾಗ ತಾನೂ ನಿಲ್ಲಿಸಿದಳು.

2 ಜುಲೈ, ಬುಧವಾರ

ಇವಳ ಮಾತೇ ಹೋಗಿದೆ. ಮುದ್ದೆ ಇಕ್ಕಲಾ ಅಂದರೆ ಮೊದಲು ತುಟಿ ಆಡಿಸಿಕೊಳ್ಳುತ್ತಾಳೆ, ಆಮೇಲೆ "ಹ್ಞೂಂ". ಕನ್ನಡಕ್ಕೂ ತಾಲೀಮು. ಮೊದಲು ಹೇಗಿದ್ದಳು... ಕೊಟ್ಟಿಗೆಯಿಂದ ಅಡಿಗೆಮನೆಗೆ ಬರುವಷ್ಟರಲ್ಲಿ ಮೂರು ಮನೆ ಸುದ್ದಿ ಹೇಳಿ ಮುಗಿಸಿರುತ್ತಿದ್ದಳು.

ಫೋನು ಟಿಂಗ್ ಅಂದರೆ ಕೈಯಲ್ಲಿದ್ದದ್ದು ಬಿಡುತ್ತಾಳೆ. ಮೊನ್ನೆ ಹಾಲಿನ ಚೊಂಬು.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು, ವಿಡಿಯೋ ಕಾಲ್ ಬಂತು. ನಿನ್ನೆಯ ಪುಟದಲ್ಲಿ ತಪ್ಪು ಜಾಸ್ತಿ, ಓದಿ ಹೇಳಬೇಕಂತೆ. ಗಟ್ಟಿಯಾಗಿ. ಅಲ್ಲಿ ಮನೆಮಂದಿಯೆಲ್ಲ ಇದ್ದರು, ಮಾನಸಳೂ.

"ಓದಮ್ಮ, ಮೂರನೇ ಲೈನ್," ಅಂದ. ದನಿ ಮೆತ್ತಗೆ. ಅವನು ಬೈಯುವುದೇ ಇಲ್ಲ.

ಎಂಜಲು ಕೈಯಲ್ಲೇ ಎದ್ದು ಓದಿದಳು. ಅವರು ನಕ್ಕರು.

"ಇನ್ನೊಂದ್ಸಲ. ಎಲ್ಲರಿಗೂ ಕೇಳ್ಸಿಲ್ಲ."

ಇನ್ನೊಂದು ಸಲ ಓದಿದಳು.

"ಅಣ್ಣ, ಸ್ಟೇಟಸ್ಸಿಗೆ ಹಾಕ್ಲಾ?" ಅಂದಳು ಮಾನಸ.

ಚಿಕ್ಕಬೋರಮ್ಮನ ದನಿಯೂ ಬಂತು. "ಅದೇನ್ ತಪ್ಪಂತೆ ಕಣ್ಲಾ ಸಿದ್ದ? ನಂಗ್ ಒಂದಕ್ಸರ ಗೊತ್ತಾಗಕಿಲ್ಲ. ನೀವ್ ನಗ್ತೀರಿ, ಅಂತ ನಾನೂ ನಗ್ತೀನಿ."

ಫೋನಿಟ್ಟ ಮೇಲೆ ರಂಜಿತ ತಟ್ಟೆ ಮುಂದೆ ಕೂತಳು. ಉಣ್ಣಲಿಲ್ಲ. ತಿಮ್ಮರಾಜು ಅವಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ.

6 ಜುಲೈ, ಭಾನುವಾರ

ಬುದ್ಧಿ ಬಂತು. ನಾನೇ ಬರೆದುಕೊಡುತ್ತೇನೆ, ನೀನು ನಕಲು ಮಾಡು ಅಂದೆ. "ಗೊತ್ತಾದ್ರೆ?" ಅಂದಳು. ಹೆಂಗವ್ವ ಗೊತ್ತಾಯ್ತದೆ, ಅಕ್ಷರ ನಿಂದೇ ಅಲ್ವಾ ಅಂದೆ. ಚಾಪೆ ಹಾಸಿಕೊಟ್ಟೆ. ಹಟ್ಟಿಯ ಮೂಲೆಯಲ್ಲಿ ಹೊತ್ತು ನೆತ್ತಿಗೆ ಬರುವ ತನಕ ಮಲಗಿದಳು. ಬಾಯಿ ಬಿಟ್ಟುಕೊಂಡು, ಚಿಕ್ಕಂದಿನಂತೆ.

ಕರು ನಡೆಯೋದು ಕಲಿತ ಬಗ್ಗೆ ಬರೆದೆ. ಬಹಳ ದಿನದ ಮೇಲೆ ಒಂದು ಪುಟ ಇಂಗ್ಲಿಷ್. ಖುಷಿಯಾಯಿತು — ಸುಳ್ಳು ಯಾಕೆ ಹೇಳಲಿ. ನಾಲ್ಕು ಸಲ ನೋಡಿದೆ. ಸ್ಪೆಲ್ಲಿಂಗ್ ಎಲ್ಲ ಸರಿ. ಟುಡೇಗೆ ಹೈಫನ್ ತೆಗೆದೆ, ಹೊಸ ಕಾಲಕ್ಕೆ ಬೇಡವಂತಲ್ಲ.

ಸಂಜೆ 7.

ವಾಪಸು ಬಂತು. ಕೆಂಪೋ ಕೆಂಪು. ಕೆಳಗೆ, "ತವರಿನ ಗಾಳಿ ತಾಗಿ ಇನ್ನೂ ಹಾಳಾದಳು."

10 ಜುಲೈ, ಗುರುವಾರ

ನಾಲ್ಕು ದಿವಸದ ಪುಟ ಮುಂದಿಟ್ಟುಕೊಂಡು ಪುಸ್ತಕ ತೆಗೆದು ಕೂತೆ. ಒಂದೊಂದೇ ನೋಡಿದೆ. ಕೆಂಪು ಹಾಕಿದ ಕಡೆ ಅರ್ಧಕ್ಕರ್ಧ ತಪ್ಪೇ ಇಲ್ಲ. ನನ್ನ ಪುಸ್ತಕ ಹಳೇದು, ಇರಬಹುದು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಂಗ್ಲಿಷ್ ಪೇಪರು ತಗೊಂಡು ಬಂದು ನೋಡಿದೆ. ಪೇಪರಿನವರೂ ನನ್ನಂತೆಯೇ ಬರೆದಿದ್ದಾರೆ. ಅಷ್ಟು ಓದಿದವನು... ಕೈತಪ್ಪಿ ಹಾಕಿರಬೇಕು. ಕಾಲೇಜು ಕೆಲಸ, ಸುಸ್ತು.

ಹೀಗೆ ಅಂದುಕೊಂಡೇ ಇಷ್ಟು ದಿನ ಕಳೆದೆ ನಾನು.

ಒಂದು ಕೆಲಸ ಮಾಡಿದ್ದೀನಿ. ನಿಶ್ಚಿತಾರ್ಥ ಆದ ಹೊಸದರಲ್ಲಿ ಅವನು ನನಗೆ ಇಂಗ್ಲಿಷಿನಲ್ಲಿ ಒಂದು ಉದ್ದ ಮೆಸೇಜು ಹಾಕಿದ್ದ. ಹೇಮಾವತಿ ನಾಲೆಗೆ ನೀರು ಬಿಟ್ಟಾಗ ಗದ್ದೆ ಬಯಲು ಹೇಗೆ ಕಂಡಿತು ಅಂತ. ಎಷ್ಟು ಚೆನ್ನಾಗಿತ್ತೆಂದರೆ ನಾನು ಬಾಯಿಪಾಠ ಮಾಡಿದ್ದೆ. ಅದನ್ನೇ ಇವತ್ತು ಬರೆದುಕೊಟ್ಟೆ. ಒಂದು ಚುಕ್ಕೆ ಆಚೀಚೆ ಇಲ್ಲ. ರಂಜಿತಳಿಗೆ ಹೇಳಲಿಲ್ಲ. ನಕಲು ಮಾಡಿ ಕಳಿಸಿದಳು.

11 ಜುಲೈ, ಶುಕ್ರವಾರ

ಹದಿನಾರು ಕಡೆ ಕೆಂಪು. ತನ್ನ ಮಾತಿಗೆ ತಾನೇ. "ಈ ಪುಟ ಓದಿದರೆ ನಾಲೆಯ ನೀರೂ ಹಿಂದಕ್ಕೆ ಹರಿದೀತು." ನಗುವ ಮೋರೆಗಳು.

ನಾನೇ ಫೋನು ಮಾಡಿದೆ. ಗದ್ದೆ ಬದುವಿಗೆ ಹೋಗಿ. 

"ಸಿದ್ದರಾಜು ಅವರೇ, ಆ ಪುಟ ನಿಮ್ಮದೇ. ನೀವೇ ಫಾಲ್ಗುಣದಲ್ಲಿ ನನಗೆ ಬರೆದಿದ್ದು."

 ಈಗ ನಾಚಿಕೊಳ್ಳುತ್ತಾನೆ ಅಂದುಕೊಂಡೆ.

"ಹೌದಾ ದೊಡ್ಡಮ್ಮ?" ನಗು. "ನೋಡಿದ ತಕ್ಷಣ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಕೆಂಪು ಹಾಕಿದ್ರಿ?"

"ನಾನು ಬರೆದಾಗ ಸರಿ. ಅವಳ ಕೈಯಿಂದ ಬಂದ್ರೆ ತಪ್ಪು. ಇಷ್ಟು ಸಿಂಪಲ್." ಆಮೇಲೆ ಅದೇ ಮೆತ್ತನೆ ದನಿ. "ಅಂದ್ರೆ ಇಷ್ಟು ದಿನ ನೀವೇ ಬರ್ಕೊಡ್ತಿದ್ರಿ. ನಾನು ಬರೀ ಅನುಮಾನ ಪಟ್ಟಿದ್ದೆ. ಥ್ಯಾಂಕ್ಸ್ ದೊಡ್ಡಮ್ಮ."

ಇಟ್ಟುಬಿಟ್ಟ.

ನನಗೆ ಇದುವರೆಗೆ ಅರ್ಥವಾಗಿರಲಿಲ್ಲ. ಅವನಿಗೆ ಇಂಗ್ಲಿಷ್ ಬೇಕಾಗೇ ಇಲ್ಲ. ನಾನು ಮಾತ್ರ ಕಾಮಾ, ಹೈಫನ್ನು ಅಂತ...

12 ಜುಲೈ, ಶನಿವಾರ

ಇನ್ನು ಮೇಲೆ ದಿನಕ್ಕೆ ಐದು ಪುಟ. ಬರೆಯುವಾಗ ವಿಡಿಯೋ ಕಾಲ್ ಆನ್ ಇರಬೇಕು. ಫೋನನ್ನು ರಾಗಿ ಮೂಟೆಗೆ ಒರಗಿಸಿಕೊಂಡು ಬರೆಯುತ್ತಿದ್ದಾಳೆ. ಅವನು ಆ ಕಡೆ ತನ್ನ ಪಾಡಿಗೆ ಪೇಪರು ಓದುತ್ತಾನೆ, ಟೀ ಕುಡಿಯುತ್ತಾನೆ. ಇವಳು ತಲೆ ಎತ್ತಿದರೆ, "ಹ್ಞೂಂ?" ಅನ್ನುತ್ತಾನೆ.

ಮುಗಿದ ಮೇಲೆ ನನ್ನ ಹತ್ತಿರ ಬಂದಳು. ಬೆರಳು ಬಾತಿತ್ತು. ಎಣ್ಣೆ ತಗೊಂಡು ಕೈ ಹಿಡಿಯೋಕೆ ಹೋದೆ. ಕಿತ್ತುಕೊಂಡಳು.

"ಫೋನ್ ಮಾಡು ಅಂತ ನಿಂಗ್ಯಾರು ಹೇಳಿದ್ದು?"

"ಮಗಳೇ, ನಾನು ನಿನಗೋಸ್ಕರ —"

"ನಂಗೋಸ್ಕರ ಅಲ್ಲ. ನಿನ್ ಬರವಣ್ಗೆ ತಪ್ಪು ಅಂದ್ನಲ್ಲ, ಅದ್ಕೆ ಮಾಡ್ದೆ ನೀನು. ಅವ್ರೂ ನೀನೂ ಒಂದೇಯ. ನಂಗೆ ಇಂಗ್ಲೀಸೇ ಬ್ಯಾಡಾಗಿತ್ತು ದೊಡ್ಡವ್ವ. ಕರಾ ಕಟ್ಕಂಡು, ಹಾಲ್ ಕರ್ಕಂಡು ಇರ್ತಿದ್ದೆ."

ಎಣ್ಣೆ ಬಟ್ಟಲು ಅವಳ ಪಕ್ಕ ಇಟ್ಟು ಎದ್ದೆ.

15 ಜುಲೈ, ಮಂಗಳವಾರ

ಮೂರು ದಿನ ಮಾತಾಡಲಿಲ್ಲ ನನ್ನ ಜೊತೆ. ಇವತ್ತು ಮಧ್ಯಾಹ್ನ ಬೈರಮ್ಮ ಫೋನು ಹಿಡಿದು ಬಂದಳು, ಮಾನಸ ಮತ್ತೊಂದು ಫೋಟೋ ಕಳಿಸಿದ್ದಳಂತೆ. "ಅಕ್ಕ, ಇದು ನಿಮ್ ಬರವಣ್ಗೆ ಅಲ್ವಾ?"

ನನ್ನದೇ. ಕರುವಿನ ಪುಟ, ನಾನು ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದು. ರಂಜಿತಳೇ ಫೋಟೋ ಹಿಡಿದು ಗ್ರೂಪಿಗೆ ಹಾಕಿದ್ದಾಳೆ. ಅವಳೇ ಕೆಂಪು ಸುತ್ತು ಹಾಕಿದ್ದಾಳೆ. ಮೇಲೆ ಬರೆದಿದ್ದಾಳೆ — "ನನ್ನ ಟೀಚರಮ್ಮ. ಇವರಿಂದಲೇ ನಾನು ಹೀಗಾದದ್ದು."

ಎಷ್ಟು ನಕ್ಕಿದ್ದಾರೆ! ಸಿದ್ದರಾಜು ಬರೆದಿದ್ದಾನೆ: "ಈ ಫ್ಯಾಕ್ಟರಿಯಲ್ಲೇ ಡಿಫೆಕ್ಟು." ಮಾನಸ: "ದೊಡ್ಡಮ್ಮನ್ನೂ ಗ್ರೂಪಿಗೆ ಸೇರ್ಸಣ್ಣ, ಮಜಾ ಇರುತ್ತೆ."

ನನ್ನ ಫೋನು ಟಿಂಗ್ ಅಂದಿತು. ಸೇರಿಸಿದ್ದರು.

ಅಳು ಬಂತೇ? ಅತ್ತೆ. ಹಿತ್ತಿಲಿಗೆ ಹೋಗಿ, ನೀರೊಲೆ ಮುಂದೆ ಕೂತು.

ರಾತ್ರಿ.

ಇದನ್ನು ಬರೆದಿಡಬೇಕು. ಇವತ್ತು ರಂಜಿತಳ ಐದು ಪುಟ ವಾಪಸು ಬಂತು. ಒಂದು ಕೆಂಪೂ ಇಲ್ಲ. ಬರೀ "ಓಕೆ". ವಿಡಿಯೋ ಕಾಲೂ ಇರಲಿಲ್ಲ. ಅವಳು ರಾತ್ರಿ ಊಟಕ್ಕೆ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಬೈರಮ್ಮ ನನ್ನ ಕಡೆ ನೋಡಿ ಕಣ್ಣರಳಿಸಿದಳು.

24 ಜುಲೈ, ಗುರುವಾರ. ಭೀಮನ ಅಮಾವಾಸ್ಯೆ

ಗಂಡನ ಪಾದಪೂಜೆ. ಆಷಾಢ ಮುಗಿಯುವ ತನಕ ಅಳಿಯ ಅತ್ತೆಯ ಹೊಸಿಲು ತುಳಿಯಬಾರದು ಅಂತ ಚಿಕ್ಕಬೋರಮ್ಮನ ಹಟ. ಹಾಗಂತ ಪೂಜೆ ಬಿಡೋ ಹಾಗಿಲ್ಲ. ಅದಕ್ಕೆ ಅವನು ಅಲ್ಲಿ ಮಣೆ ಮೇಲೆ ಕೂತು ಫೋನನ್ನು ಪಾದದ ಮುಂದೆ ನಿಲ್ಲಿಸಿದ್ದ. ಇಲ್ಲಿ ರಂಜಿತ ತಟ್ಟೆಯಲ್ಲಿ ಫೋನು ಇಟ್ಟುಕೊಂಡು ಆ ಗಾಜಿಗೆ ಅರಿಶಿನ ಕುಂಕುಮ ಹಚ್ಚಿದಳು. ಪಕ್ಕದ ಮನೆ ಪುಟ್ಟಿ ಕಿಸಕ್ಕಂದಳು. ನಿಜ, ನಗು ಬರೋ ಹಾಗೇ ಇತ್ತು. ಫೋನಿನ ತುಂಬ ಬೆರಳು, ಉಗುರು.

ಕುಂಕುಮ ಹಚ್ಚುವಾಗ ಕಾಲ್ ಕಟ್ಟಾಯಿತು. ಬೆರಳು ಕೆಂಪು ಗುಂಡಿಗೆ ತಾಗಿರಬೇಕು. ರಂಜಿತಳ ಮುಖ... ಆ ಮುಖ ನೋಡಿದ ಮೇಲೆ ಪುಟ್ಟಿಯೂ ನಗಲಿಲ್ಲ. ಕೈ ಒರೆಸಿಕೊಂಡು ಮತ್ತೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ. ಆರತಿ ಆರಿಹೋಯಿತು. ಕರ್ಪೂರ ಹೊಸದು ಹಚ್ಚಿಕೊಂಡು ಮಧ್ಯಾಹ್ನದ ತನಕ ಆ ಮಣೆ ಮುಂದೆ ಕೂತಿದ್ದಳು. ನೀರೂ ಕುಡಿಯದೆ.

ಆಮೇಲೆ ಎತ್ತಿದ. "ಕಾಲೇಜಿಗೆ ಲೇಟಾಯ್ತಲ್ಲ, ಸಂಜೆ ಮಾಡು" ಅಂದ.

25 ಜುಲೈ, ಶುಕ್ರವಾರ

ಶ್ರಾವಣದ ಮೊದಲ ದಿನಕ್ಕೇ ಬಂದರು. ಅವನು, ಅವನ ತಾಯಿ. ಒಬ್ಬಟ್ಟು ಮಾಡಿದ್ದೆವು. ಅವರು ಉಣ್ಣುವಾಗ ನಾನು ತಿಮ್ಮರಾಜುವನ್ನು ಕೊಟ್ಟಿಗೆಗೆ ಕರೆದೆ.

"ಕಳಿಸ್ಬೇಡ ಕಣಪ್ಪ."

"ಏನಂತ ಏಳ್ಳಿ ಅತ್ಗೆ? ಒಡೆದನಾ? ಕುಡಿದು ಬಂದನಾ? ಮೆತ್ತಗ್ ಮಾತಾಡ್ತಾನೆ. ಇಂಗ್ಲೀಸ್ ಕಲಿಸ್ತನೆ ಅಂತ ಮಗಳ ಮನೇಲಿ ಇಟ್ಕಂಡೆ ಅಂದ್ರೆ ಉಗೀತಾರೆ ಜನ."

"ನಾನು ಹೇಳ್ತೀನಿ ಜನಕ್ಕೆ."

"ನೀವಾ?" ತಿಮ್ಮರಾಜು ನನ್ನ ಮೇಲೆ ಒಂದು ದಿನಕ್ಕೂ ದನಿ ಎತ್ತಿದವನಲ್ಲ. "ಬ್ಯಾಡ ಅಂದಿದ್ದೆ ನಾನು. ನೀವೇ ತಾನೆ ಕುಣ್ಕಂಡು ತಂದಿದ್ದು ಈ ಸಂಬಂದವ? ಇವತ್ತು ಬ್ಯಾಡ ಅನ್ನಾಕೂ ನೀವೇ ಬಂದ್ರಾ?"

ಬಾಗಿಲಲ್ಲಿ ರಂಜಿತ ನಿಂತಿದ್ದಳು. ಹೂ ಮುಡಿದಿದ್ದಳು.

"ನಾನೋಯ್ತೀನಿ. ನೀನು ಬಾಯ್ಮುಚ್ಕೊ ದೊಡ್ಡವ್ವ. ನೀನ್ ಬಾಯ್ ತೆಗುದ್ರೆ ನಂಗೇ ಬೀಳಾದು."

ಚಿಕ್ಕಬೋರಮ್ಮ ಎಲೆ ಅಡಿಕೆ ಹಾಕಿಕೊಂಡು, "ಏನ್ ಬೀಗಿತಿ, ನಿಮ್ದೂ ಬತ್ತಾವಂತೆ ಗ್ರೂಪಲ್ಲಿ? ನನ್ ಮಗ ಓದಿ ಏಳ್ತಾನೆ. ಒಟ್ಟೆ ಉಣ್ಣಾಗೋ ಅಂಗೆ ನಗ್ತೀವಿ" ಅಂದರು. ಆಕೆಗೆ ಕೆಟ್ಟ ಮನಸ್ಸಿಲ್ಲ. ಅದೇ ಕಷ್ಟ.

ಕಾರು ಹೊರಟಿತು. ಇಪ್ಪತ್ತು ಮಾರು ಹೋಗಿ ನಿಂತಿತು. ರಂಜಿತ ಕಿಟಕಿ ಇಳಿಸಿ ಕೈ ಮಾಡಿದಳು. ಓಡಿದೆ. ಏನು ಮರೆತಳೋ ಅಂತ.

ಸಣ್ಣ ದನಿಯಲ್ಲಿ, ಅವನಿಗೆ ಕೇಳದ ಹಾಗೆ ಹೇಳಿದಳು. "ಗ್ರೂಪಲ್ಲೇ ಇರು ದೊಡ್ಡವ್ವ. ಬುಟ್ಟೋಗ್ಬ್ಯಾಡ."

3 ಆಗಸ್ಟ್, ಭಾನುವಾರ

ಒಂದು ವಾರ ಯೋಚಿಸಿ ಶುರು ಮಾಡಿದೆ. ಬೆಳಗ್ಗೆ ಹಾಲು ಹಾಕಿ ಬಂದು ಗ್ರೂಪಿಗೆ ಒಂದು ಇಂಗ್ಲಿಷ್ ಮೆಸೇಜು. ಬೇಕಂತ ತಪ್ಪು ಮಾಡಿ.

ಎಷ್ಟು ಕಷ್ಟ! ಮೊದಮೊದಲು ಬೆರಳೇ ಒಪ್ಪಲಿಲ್ಲ. "ರಿಸೀವ್" ಅನ್ನೋದರ ಸ್ಪೆಲ್ಲಿಂಗ್ ತಿರುಗಿಸಿ ಹಾಕಬೇಕು, ಹಾಕಿದೆ, ಹಿಂದೆಯೇ ಸರಿ ಮಾಡಿದೆ, ಮತ್ತೆ ಕೆಡಿಸಿದೆ. ಬೇಡದ ಕಡೆ ಹೈಫನ್ ಇಟ್ಟೆ, ಬೇಕಾದ ಕಡೆ ತೆಗೆದೆ. ಟುಡೇಗೂ ಇಟ್ಟೆ. ಕಳಿಸುವ ಗುಂಡಿ ಒತ್ತುವಾಗ ದೇವರ ಮೇಲೆ ಎಂಜಲು ಹಾಕಿದ ಹಾಗಾಯಿತು.

ಹತ್ತು ನಿಮಿಷಕ್ಕೆ ನಗುವ ಮೋರೆಗಳು. ಸಿದ್ದರಾಜು: "ಇವತ್ತಿನ ಸ್ಪೆಷಲ್ ಶೀಳನೆರೆಯಿಂದ!"

ರಂಜಿತಳದ್ದು ಇವತ್ತು ಏನೂ ಬರಲಿಲ್ಲ ಗ್ರೂಪಿಗೆ.

10 ಆಗಸ್ಟ್

ಬರಲಿಲ್ಲ. ದಿನಾ ನನ್ನದೇ. ಸಣ್ಣಪುಟ್ಟ ತಪ್ಪು ಸಾಲದು, ತಮಾಷೆಯಾಗಿರಬೇಕು. ನಿನ್ನೆ ಹಸುವಿನ ಸುದ್ದಿಯನ್ನೂ ತಿಮ್ಮರಾಜುವಿನ ಸುದ್ದಿಯನ್ನೂ ಒಂದೇ ವಾಕ್ಯಕ್ಕೆ ಸೇರಿಸಿ, ತಿಮ್ಮರಾಜುವೇ ಕರು ಹಾಕಿದ ಹಾಗೆ ಮಾಡಿದೆ. ಮಾನಸ ನಕ್ಕು ನಕ್ಕು ಕಣ್ಣಲ್ಲಿ ನೀರು ಅಂತ ಬರೆದಳು. ರಂಜಿತಳೂ ಒಂದು ನಗುವ ಮೋರೆ ಹಾಕಿದಳು.

ಆ ಮೋರೆಯನ್ನು ಬಹಳ ಹೊತ್ತು ನೋಡಿದೆ. ಹಳದಿಗೆ, ಗುಂಡಗೆ. ಎಲ್ಲರದ್ದೂ ಒಂದೇ ಥರ ಇರುತ್ತೆ.

26 ಆಗಸ್ಟ್, ಮಂಗಳವಾರ. ಗೌರಿಹಬ್ಬ

ತಿಮ್ಮರಾಜು ಬಾಗಿನ ತಗೊಂಡು ನಾಗಮಂಗಲಕ್ಕೆ ಹೋಗಿ ಬಂದ. ಕೈಕಾಲು ತೊಳೆಯುವುದಕ್ಕೂ ಬಿಡಲಿಲ್ಲ ನಾನು.

"ಹೆಂಗವ್ಳೆ?"

"ಮೈ ತುಂಬ್ಕಂಡವ್ಳೆ. ಎಲ್ರ ಜೊತೆ ಕುಂತು ಉಂಡ್ಳು. ಮಾತಾಡ್ತಾಳೆ, ನಗ್ತಾಳೆ." ಟವಲು ಹೆಗಲ ಮೇಲೆ ಹಾಕಿಕೊಂಡ. "ಅಲ್ಲ ಅತ್ಗೆ, ಅವ್ರ ಮನೇಲಿ ಮಾತೆತ್ತಿದ್ರೆ ನಿಮ್ದೇಯ. ಅಂಗ್ ಬರುದ್ಲು, ಇಂಗ್ ಬರುದ್ಲು ಅಂತ. ಬೀದಿ ಹೈಕ್ಳಿಗೂ ಗೊತ್ತು. ಒಂದ್ ಹುಡ್ಗಿ ಬಂದು, ಕರು ಈದವ್ರು ನೀವೇನಾ ಅಂದ್ಳು ನನ್ನ. ತಲೆ ಎತ್ತಕಾಗ್ನಿಲ್ಲ. ಈ ವಯಸ್ಸಲ್ಲಿ ಯಾಕ್ರೀ ಬೇಕು ನಿಮ್ಗೆ ಇಂಗ್ಲೀಸು?"

ಉಂಡಳು ಅಂದನಲ್ಲ. ಅಷ್ಟು ಸಾಕು.

ಬೈರಮ್ಮ ನನಗೆ ಎರಡು ಕಡುಬು ಹೆಚ್ಚಿಗೆ ಇಕ್ಕಿದಳು.

4 ಸೆಪ್ಟೆಂಬರ್, ಗುರುವಾರ

ಇವತ್ತು ನಿಜವಾಗಿ ತಪ್ಪಾಯಿತು. ಬೇಕಂತ ಅಲ್ಲ.

ಬೇಕಂತ ಮಾಡಿದ್ದು ಮೂರು. ಕಳಿಸಿದ ಮೇಲೆ ರಂಜಿತ ನಾಲ್ಕನೆಯದನ್ನು ಸುತ್ತು ಹಾಕಿ ತೋರಿಸಿದಳು. ಹೌದು, ತಪ್ಪು. ಅದನ್ನು ಅವಳು ಐದನೇ ಕ್ಲಾಸಿನಲ್ಲಿ ನನ್ನ ತೊಡೆ ಮೇಲೆ ಕೂತು ಕಲಿತದ್ದು. ಪುಸ್ತಕ ತೆಗೆದೆ. ಅಲ್ಲಿ ಸರಿಯಾದದ್ದು ಇತ್ತು, ಆದರೆ ಕಣ್ಣಿಗೆ ಅದೇ ತಪ್ಪು ಅನ್ನಿಸಿತು. ಎರಡನ್ನೂ ಪಕ್ಕಪಕ್ಕ ಬರೆದು ನೋಡಿದೆ. ಯಾವುದು ಅಂತ ಹೇಳೋಕಾಗಲಿಲ್ಲ ನನಗೆ.

ಸಿದ್ದರಾಜು ರಂಜಿತಳಿಗೆ "ಗುಡ್" ಅಂತ ಹಾಕಿದ. ಮದುವೆಯಾದ ಮೇಲೆ ಮೊದಲನೇ ಗುಡ್ ಇರಬೇಕು.

ಪುಸ್ತಕ ಅಟ್ಟಕ್ಕೆ ಹಾಕಿದೆ. ಇಲಿ ಇವೆ ಅಲ್ಲಿ. ಇರಲಿ.

5 ಸೆಪ್ಟೆಂಬರ್

ಸಿದ್ದರಾಜು ಗ್ರೂಪಿನಲ್ಲಿ: "ದೊಡ್ಡಮ್ಮನದು ಈಗೀಗ ಬೋರು."

ಇದಕ್ಕೆ ಮಾತ್ರ ಯಾರೋ ಇಬ್ಬರು ನಕ್ಕರು.

7 ಸೆಪ್ಟೆಂಬರ್, ಭಾನುವಾರ. ಬೆಳಗ್ಗೆ

ಹಾಲು ಹಾಕೋಕೆ ಬೈರಮ್ಮನನ್ನು ಕಳಿಸಿ ಇದಕ್ಕೇ ಕೂತೆ. ಇಷ್ಟು ದಿನದಲ್ಲಿ ಇದರಷ್ಟು ಕೆಟ್ಟದ್ದು ಬರೆದಿಲ್ಲ. ನನ್ನ ಯಜಮಾನರನ್ನೂ ಎಳೆತಂದೆ. ಅವರು ಸತ್ತ ದಿನದ ಕಥೆ, ಓದಿದವರು ಬಿದ್ದು ಬಿದ್ದು ನಗಬೇಕು, ಹಾಗೆ. ಕಳಿಸಿದೆ.

ಮಧ್ಯಾಹ್ನ

ಎಲ್ಲ ನೋಡಿದ್ದಾರೆ. ಮೆಸೇಜಿನ ಪಕ್ಕದ ಎರಡು ಗೀಟು ನೀಲಿ ಆಗಿದೆ. ಒಬ್ಬರೂ ನಕ್ಕಿಲ್ಲ.

3 ಗಂಟೆ

ಮಾನಸ ಏನೋ ಬರೆಯುತ್ತಿದ್ದಾಳೆ ಅಂತ ತೋರಿಸಿತು. ನಿಂತುಹೋಯಿತು. ಇನ್ನೊಂದು ಕಳಿಸಿದೆ. ಅದಕ್ಕೂ ಇಲ್ಲ. ರಂಜಿತಳಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಭಾನುವಾರ, ಅವನು ಮನೆಯಲ್ಲೇ ಇರುತ್ತಾನೆ. ಎಲ್ಲರೂ ಇರುತ್ತಾರೆ.

ನನ್ನನ್ನು ಬಿಟ್ಟು ಬೇರೆ ಗ್ರೂಪು ಮಾಡಿಕೊಂಡರೇ? ಅಲ್ಲಿ ಇವತ್ತು ಯಾರ ಪುಟ ಹಾಕಿದರು?

ಸಂಜೆ

ಇನ್ನೂ ಒಂದು ಬರೆಯುತ್ತಿದ್ದೀನಿ. ಇದರಲ್ಲಿ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ, ಎಲ್ಲ ಕಲಸಿದ್ದೀನಿ. ಅಳಿಯಂದಿರೇ, ಕೆಂಪು ಹಾಕಿ ನನಗೆ. ಎಷ್ಟು ಬೇಕಾದರೂ ಹಾಕಿ. ರಂಜಿತ, ಮಗಳೇ, ನೀನಾದರೂ ಒಂದು ಸುತ್ತು ಹಾಕಿ ನಗು. ಬೇಗ ಏನಾದರೂ ಬರಿ. ಬರೀ ಒಂದು ಮೋರೆ ಹಾಕಿದರೂ ಸಾಕು, ಬೇಗ